ದೂರದಿಂದ ಬೂಟ್‌ಲೋಡರ್ ನಿಯಂತ್ರಣ

ಎಂಬೆಡೆಡ್ ಸಾಧನಕ್ಕೆ ವಿದ್ಯುತ್ ಹರಿದ ಕೂಡಲೇ, ಆಪರೇಟಿಂಗ್ ಸಿಸ್ಟಮ್ ಇನ್ನೂ ಎಚ್ಚರವಾಗುವ ಮೊದಲೇ ಕೆಲಸ ಶುರುಮಾಡುವ ತಂತ್ರಾಂಶ ಬೂಟ್‌ಲೋಡರ್. ಮೆಮೊರಿಯನ್ನು ಸಜ್ಜುಗೊಳಿಸುವುದು, ಫ್ಲ್ಯಾಶ್‌ನಿಂದಲೋ ನೆಟ್‌ವರ್ಕ್‌ನಿಂದಲೋ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲನ್ನು ತಂದು ಮೆಮೊರಿಯಲ್ಲಿ ಇರಿಸುವುದು, ಅಧಿಕಾರವನ್ನು ಅದಕ್ಕೆ ವಹಿಸಿ ತಾನು ಮರೆಯಾಗುವುದು ಇದರ ಕೆಲಸ. ಮನೆಯ ವೈ-ಫೈ ರೂಟರ್, ಸೆಟ್‌ಟಾಪ್ ಬಾಕ್ಸ್, ಕಾರ್ಖಾನೆಯ ನಿಯಂತ್ರಣ ಪೆಟ್ಟಿಗೆ, ಡೇಟಾ ಸೆಂಟರಿನ ಸರ್ವರುಗಳನ್ನು ನೋಡಿಕೊಳ್ಳುವ ಚಿಕ್ಕ ಕಂಪ್ಯೂಟರ್, ಎಲ್ಲವೂ ಹೀಗೆಯೇ ಆರಂಭವಾಗುತ್ತವೆ. ಹೆಚ್ಚಿನ ಬೂಟ್‌ಲೋಡರುಗಳ ಒಳಗೆ ಚಿಕ್ಕದೊಂದು ಕಮಾಂಡ್ ಲೈನ್ ಕೂಡ ಇರುತ್ತದೆ. ಆರಂಭವನ್ನು ಕ್ಷಣಕಾಲ ತಡೆದರೆ ಅಲ್ಲಿ ಮೆಮೊರಿ ಓದಬಹುದು, ಫ್ಲ್ಯಾಶ್ ಅಳಿಸಿ ಬರೆಯಬಹುದು, ಬೇರೊಂದು ಕರ್ನಲನ್ನು ಹತ್ತಿಸಬಹುದು. ಸಾಧನದ ಎದುರು ಕೂರದೆ, ಇನ್ನೊಂದು ಕೋಣೆಯಿಂದಲೋ ಇನ್ನೊಂದು ಊರಿನಿಂದಲೋ ಆ ಕಮಾಂಡುಗಳನ್ನು ನಡೆಸುವ ವಿಧಾನಗಳನ್ನು ಈ ಲೇಖನ ಪರಿಚಯಿಸುತ್ತದೆ.

ಲಿನಕ್ಸ್ ಓಡುತ್ತಿರುವ ಯಂತ್ರಕ್ಕೆ ದೂರದಿಂದ ಕಮಾಂಡ್ ಕೊಡುವುದು ಸುಲಭ. ಎಸ್‌ಎಸ್‌ಎಚ್ ಇದೆ, ಗೂಢಲಿಪಿ ಇದೆ, ಗುರುತು ಪರೀಕ್ಷೆ ಇದೆ. ಬೂಟ್‌ಲೋಡರಿನಲ್ಲಿ ಸಾಮಾನ್ಯವಾಗಿ ಇವೊಂದೂ ಇಲ್ಲ. ಅಲ್ಲಿ ಒಂದೇ ಕೆಲಸ ಒಂದು ಹೊತ್ತಿಗೆ ನಡೆಯುತ್ತದೆ. ಫ್ಲ್ಯಾಶ್ ಬರೆಯುತ್ತಿರುವಾಗ ನೆಟ್‌ವರ್ಕಿನ ಕಡೆ ಯಾರೂ ನೋಡುವುದಿಲ್ಲ. ಬಳಕೆದಾರರ ಪಟ್ಟಿಯೂ ಇಲ್ಲ; ಪ್ರಾಂಪ್ಟ್ ಯಾರ ಕೈಗೆ ಸಿಕ್ಕಿತೋ ಅವರೇ ಒಡೆಯರು. ಅವಕಾಶದ ಅವಧಿಯೂ ಬಹಳ ಕಿರಿದು. ಯು-ಬೂಟ್ ಎಂಬ ಬೂಟ್‌ಲೋಡರಿನಲ್ಲಿ ವಾಡಿಕೆಯಂತೆ ಎರಡು ಸೆಕೆಂಡು. ಅಷ್ಟರಲ್ಲಿ ಕೀಲಿ ಒತ್ತದಿದ್ದರೆ ಕರ್ನಲ್ ಹೊರಟುಬಿಡುತ್ತದೆ. ಹೀಗಾಗಿ ಇಲ್ಲಿ ಹೇಳುವ ಪ್ರತಿ ದಾರಿಯೂ ಸಾಧನ ಕೈಬಿಟ್ಟು ಹೋಗುವ ಮೊದಲೇ ಯಾರಾದರೂ ಯೋಚಿಸಿ ಇಟ್ಟಿದ್ದರೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಕೆಟ್ಟ ಮೇಲೆ ದೂರದಿಂದ ಹೊಸ ಬಾಗಿಲು ತೆರೆಯಲಾಗದು.

ಯು-ಬೂಟ್ ಮತ್ತು ಅದರ ಬಳಗ

ಈ ಕ್ಷೇತ್ರದಲ್ಲಿ ಅತಿ ವ್ಯಾಪಕವಾಗಿ ಬಳಕೆಯಲ್ಲಿರುವುದು ಯು-ಬೂಟ್. ಮ್ಯಾಗ್ನಸ್ ಡ್ಯಾಮ್ ಬರೆದ 8ಎಕ್ಸ್‌ಎಕ್ಸ್‌ರೋಮ್ ಎಂಬ ಪವರ್‌ಪಿಸಿ ಬೂಟ್‌ಲೋಡರ್ ಇದರ ಮೂಲ. ಜರ್ಮನಿಯ ವೋಲ್ಫ್‌ಗಾಂಗ್ ಡೆಂಕ್ 1999ರಲ್ಲಿ ಅದನ್ನು ಸೋರ್ಸ್‌ಫೋರ್ಜ್ ತಾಣಕ್ಕೆ ತಂದರು. ಅಂಕಿಯಿಂದ ಶುರುವಾಗುವ ಹೆಸರಿಗೆ ಅಲ್ಲಿ ಅವಕಾಶವಿರಲಿಲ್ಲವಾದ್ದರಿಂದ ಪಿಪಿಸಿಬೂಟ್ ಎಂದಾಯಿತು. 2002ರ ನವೆಂಬರಿನಲ್ಲಿ, ಆರ್ಮ್ ಸೇರಿದಂತೆ ಬೇರೆ ಪ್ರೊಸೆಸರುಗಳೂ ಸೇರಿಕೊಂಡ ಮೇಲೆ, ಯು-ಬೂಟ್ ಎಂಬ ಹೆಸರು ಬಂತು. 2012ರಿಂದ ಟಾಮ್ ರಿನಿ ಇದರ ಮುಖ್ಯ ನಿರ್ವಾಹಕರು. ಡೆಂಕ್ 2022ರಲ್ಲಿ ತೀರಿಕೊಂಡರು. ಸಾಶಾ ಹೌಅರ್ ಮತ್ತು ಪೆಂಗುಟ್ರಾನಿಕ್ಸ್ ಸಂಸ್ಥೆಯವರ ಬೇರ್‌ಬಾಕ್ಸ್ ಇದೇ ಕುಲದ ಇನ್ನೊಂದು ಕವಲು. ರೆಡ್ ಹ್ಯಾಟ್ ಕಡೆಯಿಂದ ಬಂದ ರೆಡ್‌ಬೂಟ್ ಒಂದು ಕಾಲದಲ್ಲಿ ಅನೇಕ ರೂಟರುಗಳಲ್ಲಿತ್ತು.

ಯು-ಬೂಟ್‌ನ ನಡವಳಿಕೆಯೆಲ್ಲ ಫ್ಲ್ಯಾಶ್‌ನ ಒಂದು ಮೂಲೆಯಲ್ಲಿ ಕೂತ ವೇರಿಯಬಲುಗಳ ಪಟ್ಟಿಯಿಂದ ನಿರ್ಧಾರವಾಗುತ್ತದೆ. ಇದಕ್ಕೆ ಎನ್ವಿರಾನ್‌ಮೆಂಟ್ ಎನ್ನುತ್ತಾರೆ. ಬೂಟ್‌ಡಿಲೇ ಎಂಬುದು ಕಾಯುವ ಸೆಕೆಂಡುಗಳನ್ನು ಹೇಳುತ್ತದೆ. ಬೂಟ್‌ಸಿಎಂಡಿ ಎಂಬುದರಲ್ಲಿ ಆ ಬಳಿಕ ತಾನಾಗಿ ನಡೆಯಬೇಕಾದ ಕಮಾಂಡುಗಳಿವೆ. ಐಪಿಆ್ಯಡ್ರ್, ಸರ್ವರ್‌ಐಪಿ ಎಂಬವು ತನ್ನ ಮತ್ತು ಸರ್ವರಿನ ವಿಳಾಸಗಳು. ಪ್ರಿಂಟ್‌ಎನ್ವ್ ಎಂದರೆ ಪಟ್ಟಿ ತೋರಿಸುತ್ತದೆ, ಸೆಟ್‌ಎನ್ವ್ ಎಂದರೆ ಬದಲಾಯಿಸುತ್ತದೆ, ಸೇವ್‌ಎನ್ವ್ ಎಂದರೆ ಫ್ಲ್ಯಾಶಿಗೆ ಬರೆಯುತ್ತದೆ. ಒಂದು ವೇರಿಯಬಲಿನಲ್ಲಿ ಹಲವು ಕಮಾಂಡುಗಳನ್ನು ಕೂಡಿಸಿಟ್ಟು ರನ್ ಎಂದು ನಡೆಸಬಹುದು. ದೂರ ನಿಯಂತ್ರಣದ ಬಹುಪಾಲು ಉಪಾಯಗಳು ಈ ಕೊನೆಯ ಗುಣವನ್ನೇ ನೆಚ್ಚಿಕೊಂಡಿವೆ.

ಸೀರಿಯಲ್ ತಂತಿ

ಎಲ್ಲಕ್ಕಿಂತ ಹಳೆಯ, ಇವತ್ತಿಗೂ ಎಲ್ಲಕ್ಕಿಂತ ನಂಬಿಕಸ್ಥ ದಾರಿ ಸೀರಿಯಲ್ ಪೋರ್ಟ್. ಟಿಎಕ್ಸ್, ಆರ್‌ಎಕ್ಸ್, ಗ್ರೌಂಡ್ ಎಂಬ ಮೂರು ತಂತಿ ಸಾಕು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಇರುವ ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡಿನಲ್ಲಿ ಆರು ಪಿನ್ನುಗಳ ಸಾಲೊಂದಿದೆ. ಅದರ ಮೊದಲನೆಯದು ಗ್ರೌಂಡ್, ನಾಲ್ಕನೆಯದು ಆರ್‌ಎಕ್ಸ್, ಐದನೆಯದು ಟಿಎಕ್ಸ್. ವೋಲ್ಟೇಜು 3.3. ಹಳೆಯ ಆರ್‌ಎಸ್-232 ತಂತಿಯನ್ನು ಇಲ್ಲಿ ನೇರವಾಗಿ ಜೋಡಿಸಿದರೆ ಚಿಪ್ ಸುಟ್ಟುಹೋಗಬಹುದು. ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಮೂಲಕ ಪಕ್ಕದ ಕಂಪ್ಯೂಟರಿಗೆ ಸೇರಿಸಿ, ಆ ಕಂಪ್ಯೂಟರಿಗೆ ಎಸ್‌ಎಸ್‌ಎಚ್‌ನಲ್ಲಿ ಹೊಕ್ಕರೆ ಬೋರ್ಡಿನ ಪ್ರಾಂಪ್ಟ್ ಎಲ್ಲಿಂದಲಾದರೂ ಕಾಣುತ್ತದೆ. ಸರ್‌2ನೆಟ್, ಕಾನ್‌ಸರ್ವರ್‌ನಂಥ ತಂತ್ರಾಂಶಗಳು ಸೀರಿಯಲ್ ಪೋರ್ಟನ್ನು ನೆಟ್‌ವರ್ಕ್ ಪೋರ್ಟಾಗಿ ಮಾಡಿಕೊಡುತ್ತವೆ. ವೇಗ ಮುಂತಾದ ಹೊಂದಿಕೆಗಳನ್ನೂ ಟೆಲ್ನೆಟ್ ಮೂಲಕ ಬದಲಿಸುವ ಕ್ರಮವನ್ನು 1997ರ ಆರ್‌ಎಫ್‌ಸಿ 2217 ಹೇಳುತ್ತದೆ.

ತಂತಿಯೊಂದೇ ಸಾಲದು. ಕರ್ನಲ್ ಹೊರಟುಹೋಗಿ ಅರ್ಧದಲ್ಲಿ ನಿಂತಿದ್ದರೆ ಬೂಟ್‌ಲೋಡರಿಗೆ ಮರಳಲು ವಿದ್ಯುತ್ತನ್ನೇ ಕಡಿದು ಕೊಡಬೇಕು. ಅದಕ್ಕೆ ನೆಟ್‌ವರ್ಕಿನಿಂದ ಆರಿಸಿ ಹೊತ್ತಿಸಬಹುದಾದ ಪವರ್ ಸ್ಟ್ರಿಪ್, ರಿಲೇ, ಅಥವಾ ಈಥರ್ನೆಟ್ ತಂತಿಯಲ್ಲೇ ವಿದ್ಯುತ್ ಕೊಡುವ ಸ್ವಿಚ್ ಬಳಸುತ್ತಾರೆ. ಸೀರಿಯಲ್ ತಂತಿಯೂ ವಿದ್ಯುತ್ ನಿಯಂತ್ರಣವೂ ಎರಡೂ ಕೈಯಲ್ಲಿದ್ದರೆ ಬೂಟ್‌ಲೋಡರ್ ಉಳಿದಿರುವಷ್ಟು ಕಾಲ ಬೋರ್ಡ್ ಸತ್ತಿತೆಂದು ಕೈಚೆಲ್ಲಬೇಕಿಲ್ಲ.

ಸೀರಿಯಲ್ ಪೋರ್ಟಿನ ಕೊರತೆ ನಿಧಾನ. ಸೆಕೆಂಡಿಗೆ 1,15,200 ಬಿಟ್ ವೇಗದಲ್ಲಿ, ಒಂದು ಬೈಟಿಗೆ ಹತ್ತು ಬಿಟ್ ಲೆಕ್ಕ ಹಿಡಿದರೆ, ಸೆಕೆಂಡಿಗೆ 11,520 ಬೈಟ್ ಹೋಗುತ್ತದೆ. 8 ಎಂಬಿ ಕರ್ನಲ್ ಕಳಿಸಲು 12 ನಿಮಿಷಕ್ಕೂ ಮಿಕ್ಕಿ ಬೇಕು. ಆದ್ದರಿಂದ ಕಮಾಂಡುಗಳು ಸೀರಿಯಲ್‌ನಲ್ಲಿ, ಫೈಲುಗಳು ಈಥರ್ನೆಟ್‌ನಲ್ಲಿ ಎಂಬ ಪದ್ಧತಿ ನೆಲೆಗೊಂಡಿದೆ. ಫೈಲು ತರಲು ಟಿಎಫ್‌ಟಿಪಿ ಎಂಬ ಸರಳ ನಿಯಮಾವಳಿ ಇದೆ. ಸದ್ಯದ ರೂಪ 1992ರ ಆರ್‌ಎಫ್‌ಸಿ 1350ರದ್ದು. ಯುಡಿಪಿಯ 69ನೇ ಪೋರ್ಟ್, 512 ಬೈಟಿನ ತುಣುಕುಗಳು, ಪ್ರತಿ ತುಣುಕಿಗೂ ಒಂದು ಸ್ವೀಕೃತಿ. ಯು-ಬೂಟ್ ಇನ್ನೂ ದೊಡ್ಡ ತುಣುಕುಗಳನ್ನು ಕೇಳಿ ವೇಗ ಹೆಚ್ಚಿಸಿಕೊಳ್ಳುತ್ತದೆ. ಪಾಸ್‌ವರ್ಡ್ ಎಂಬುದೇ ಟಿಎಫ್‌ಟಿಪಿಯಲ್ಲಿಲ್ಲ.

ನೆಟ್‌ಕನ್ಸೋಲ್

ಪೆಟ್ಟಿಗೆ ಮುಚ್ಚಿದ್ದು, ಸೀರಿಯಲ್ ಪಿನ್ನುಗಳು ಒಳಗೆ ಅಡಗಿದ್ದರೆ ಏನು ಮಾಡುವುದು? ಯು-ಬೂಟ್‌ನ ನೆಟ್‌ಕನ್ಸೋಲ್ ಇದಕ್ಕೆ ಉತ್ತರ. ಕೀಲಿಮಣೆಯ ಅಕ್ಷರಗಳೂ ಪರದೆಯ ಅಕ್ಷರಗಳೂ ಯುಡಿಪಿ ಪ್ಯಾಕೆಟ್ಟುಗಳಾಗಿ ಈಥರ್ನೆಟ್‌ನಲ್ಲಿ ಓಡಾಡುತ್ತವೆ. ಎನ್‌ಸಿಐಪಿ ಎಂಬ ವೇರಿಯಬಲಿನಲ್ಲಿ ನಮ್ಮ ಕಂಪ್ಯೂಟರಿನ ವಿಳಾಸ ಬರೆದು, ಸ್ಟ್ಯಾಂಡರ್ಡ್ ಇನ್‌ಪುಟ್ ಮತ್ತು ಔಟ್‌ಪುಟ್‌ಗಳನ್ನು ಎನ್‌ಸಿ ಎಂಬ ಸಾಧನಕ್ಕೆ ತಿರುಗಿಸಿದರೆ ಆಯಿತು. ಪೋರ್ಟ್ ಹೇಳದಿದ್ದರೆ 6666. ಎನ್‌ಸಿಐಪಿಯನ್ನೇ ಕೊಡದಿದ್ದರೆ ಬೋರ್ಡ್ ತನ್ನ ಮಾತನ್ನೆಲ್ಲ ಇಡೀ ನೆಟ್‌ವರ್ಕಿಗೆ ಪ್ರಸಾರ ಮಾಡುತ್ತದೆ. ಇದು ತಿಳಿದಿರಬೇಕಾದ ಅಪಾಯ.

ನಮ್ಮ ಕಡೆ ನೆಟ್‌ಕ್ಯಾಟ್ ಎಂಬ ಉಪಕರಣ ಸಾಕು. ಯು-ಬೂಟ್ ಜೊತೆಗೇ ಅದಕ್ಕೊಂದು ಚಿಕ್ಕ ಸ್ಕ್ರಿಪ್ಟ್ ಬರುತ್ತದೆ. ಅದರಲ್ಲಿರುವ ಒಂದು ಜಾಣ್ಮೆಯನ್ನು ಹೇಳಲೇಬೇಕು. ಬೋರ್ಡಿನಲ್ಲಿ ಓಡುತ್ತಿರುವ ಕಮಾಂಡನ್ನು ನಿಲ್ಲಿಸಲು ಕಂಟ್ರೋಲ್-ಸಿ ಬೇಕು, ಆದರೆ ಅದನ್ನು ಒತ್ತಿದರೆ ನಮ್ಮದೇ ನೆಟ್‌ಕ್ಯಾಟ್ ನಿಂತುಹೋಗುತ್ತದೆ. ಸ್ಕ್ರಿಪ್ಟ್ ನಮ್ಮ ಟರ್ಮಿನಲಿನ ತಡೆ ಕೀಲಿಯನ್ನು ಕಂಟ್ರೋಲ್-ಟಿಗೆ ವರ್ಗಾಯಿಸಿ, ಕಂಟ್ರೋಲ್-ಸಿ ಬೋರ್ಡಿನವರೆಗೆ ತಲುಪಲು ಬಿಡುತ್ತದೆ.

ಎರಡು ಸೆಕೆಂಡಿನ ಸಮಸ್ಯೆ ಇಲ್ಲಿ ಇನ್ನೂ ಬಿಗಿಯಾಗುತ್ತದೆ. ಈಥರ್ನೆಟ್ ಸಂಪರ್ಕ ವೇಗ ನಿಗದಿಮಾಡಿಕೊಂಡು ಮೇಲೇಳಲೇ ಒಂದೆರಡು ಸೆಕೆಂಡು ಬೇಕು. ಅಷ್ಟರಲ್ಲಿ ಕರ್ನಲ್ ಹೊರಟಿರುತ್ತದೆ. ಮಾರ್ವೆಲ್ ಕಂಪನಿಯ ಕರ್ಕ್‌ವುಡ್ ಚಿಪ್ ಇರುವ ಪೋಗೋಪ್ಲಗ್, ಡಾಕ್‌ಸ್ಟಾರ್‌ನಂಥ ಪುಟ್ಟ ಮನೆ ಸರ್ವರುಗಳ ಬಳಕೆದಾರರು ಇದಕ್ಕೆ ಸೊಗಸಾದ ಪರಿಹಾರ ಕಂಡುಕೊಂಡರು. ಕಾಯುವ ಎಣಿಕೆಗೂ ಮೊದಲೇ ನಡೆಯುವ ಪ್ರೀಬೂಟ್ ವೇರಿಯಬಲಿನಲ್ಲಿ ಒಂದು ಪುನರಾವರ್ತನೆ ಬರೆದಿಟ್ಟರು. ಬೋರ್ಡ್ ಸೆಕೆಂಡಿಗೊಮ್ಮೆ, ಐದು ಬಾರಿ, ಸರ್ವರ್‌ಐಪಿಗೆ ಪಿಂಗ್ ಮಾಡುತ್ತದೆ. ಉತ್ತರ ಬಂದರೆ ಮಾತ್ರ ಬೂಟ್‌ಡಿಲೇಯನ್ನು ಹತ್ತಕ್ಕೆ ಏರಿಸಿ ಕನ್ಸೋಲನ್ನು ನೆಟ್‌ವರ್ಕಿಗೆ ತಿರುಗಿಸುತ್ತದೆ. ಉತ್ತರವಿಲ್ಲದಿದ್ದರೆ ಎಂದಿನಂತೆ ಕರ್ನಲ್ ಹತ್ತುತ್ತದೆ. ಅಂದರೆ ಸರಿಪಡಿಸುವವರು ತಮ್ಮ ಲ್ಯಾಪ್‌ಟಾಪಿಗೆ ಆ ವಿಳಾಸ ಕೊಟ್ಟು ನೆಟ್‌ವರ್ಕಿನಲ್ಲಿ ಹಾಜರಿದ್ದರೆ ಬಾಗಿಲು ತೆರೆಯುತ್ತದೆ, ಇಲ್ಲದಿದ್ದರೆ ಮುಚ್ಚಿರುತ್ತದೆ. ಬದಲಾವಣೆಯನ್ನು ಫ್ಲ್ಯಾಶಿಗೆ ಉಳಿಸುವುದೂ ಇಲ್ಲ. ನಾನು ಕಂಡ ನೆಟ್‌ಕನ್ಸೋಲ್ ಜೋಡಣೆಗಳಲ್ಲಿ ಇದಕ್ಕಿಂತ ವಿವೇಕದ್ದು ಇನ್ನೊಂದಿಲ್ಲ.

ಅದಕ್ಕೆ ವಿರುದ್ಧವಾದ ತಪ್ಪು ಆಗಾಗ ನಡೆಯುತ್ತದೆ. ಇನ್‌ಪುಟ್ಟನ್ನು ಎನ್‌ಸಿಗೆ ತಿರುಗಿಸಿ ಸೇವ್‌ಎನ್ವ್ ಕೊಟ್ಟುಬಿಟ್ಟರೆ ಸೀರಿಯಲ್ ಪೋರ್ಟ್ ಕಿವುಡಾಗುತ್ತದೆ. ಮುಂದೆ ವಿಳಾಸವೋ ತಂತಿಯೋ ಕೆಟ್ಟರೆ ಎರಡೂ ದಾರಿ ಮುಚ್ಚಿದಂತೆ. ಎರಡು ಕನ್ಸೋಲುಗಳನ್ನು ಒಟ್ಟಿಗೆ ಇಟ್ಟುಕೊಳ್ಳುವ ಆಯ್ಕೆ ಯು-ಬೂಟ್‌ನಲ್ಲಿದೆ, ಅದನ್ನು ಕಟ್ಟುವಾಗಲೇ ಸೇರಿಸಿರಬೇಕು. ಯುಡಿಪಿಯಲ್ಲಿ ತಲುಪಿತೆಂಬ ಖಾತರಿಯಿಲ್ಲ. ಉದ್ದದ ಸಾಲುಗಳನ್ನು ಒಮ್ಮೆಗೇ ಅಂಟಿಸಿದರೆ ನಡುವೆ ಅಕ್ಷರಗಳು ಕಳೆದುಹೋಗಬಹುದು, ಫ್ಲ್ಯಾಶ್ ಅಳಿಸುವ ಕಮಾಂಡಿನ ವಿಳಾಸದಲ್ಲಿ ಒಂದು ಸೊನ್ನೆ ಬಿಟ್ಟುಹೋದರೆ ಬೂಟ್‌ಲೋಡರೇ ಅಳಿಸಿಹೋಗುವ ಸಾಧ್ಯತೆಯಿದೆ. ಅಂಥ ಕಮಾಂಡನ್ನು ಮೊದಲು ವೇರಿಯಬಲಿನಲ್ಲಿ ಕೂರಿಸಿ, ಪ್ರಿಂಟ್‌ಎನ್ವ್‌ನಲ್ಲಿ ಓದಿ ನೋಡಿ, ಆಮೇಲೆ ರನ್ ಕೊಡುವುದು ಅನುಭವಸ್ಥರ ಕ್ರಮ.

ಉಳಿದ ದಾರಿಗಳನ್ನು ಚುಟುಕಾಗಿ ಹೇಳಬಹುದು. ರೆಡ್‌ಬೂಟ್ ಟಿಸಿಪಿಯ 9000ನೇ ಪೋರ್ಟಿನಲ್ಲಿ ಟೆಲ್ನೆಟ್‌ಗೆ ಕಾಯುತ್ತದೆ. ಬೂಟ್ ಆಗುವ ಕೆಲವೇ ಸೆಕೆಂಡುಗಳಲ್ಲಿ ಅಲ್ಲಿಗೆ ಕಂಟ್ರೋಲ್-ಸಿ ತಲುಪಿಸಿದರೆ ಪ್ರಾಂಪ್ಟ್ ಸಿಗುತ್ತದೆ. ಅಥೆರಾಸ್ ಚಿಪ್ಪಿನ ಫೊನೆರಾ ರೂಟರಿಗೆ ಹೊಸ ಫರ್ಮ್‌ವೇರ್ ಹಾಕಿದ ಅನೇಕರು ಈ ದಾರಿಯಲ್ಲೇ ಹೋದದ್ದು. ಬೇರ್‌ಬಾಕ್ಸ್‌ನಲ್ಲಿ ನೆಟ್‌ಕನ್ಸೋಲ್ ಜೊತೆಗೆ, 1984ರ ಆರ್‌ಎಫ್‌ಸಿ 916ರ ಆರ್‌ಎಟಿಪಿ ನಿಯಮಾವಳಿಯೂ ಇದೆ. ಅದು ಸೀರಿಯಲ್ ತಂತಿಯ ಮೇಲೆಯೇ ತಪ್ಪು ಪತ್ತೆ ಮಾಡಿ ಮತ್ತೆ ಕಳಿಸುವ ವ್ಯವಸ್ಥೆ ಒದಗಿಸುವುದರಿಂದ ಅಕ್ಷರ ಕಳೆಯುವ ಭಯವಿಲ್ಲ. ಮರೆತುಹೋಗಿದ್ದ ಹಳೆಯ ನಿಯಮಾವಳಿಯೊಂದು ಸರಿಯಾದ ಜಾಗದಲ್ಲಿ ಮರಳಿ ಬಳಕೆಗೆ ಬಂದದ್ದು ಸಂತೋಷದ ಸಂಗತಿ. ಆಂಡ್ರಾಯ್ಡ್ ಫೋನುಗಳಿಂದ ಪರಿಚಿತವಾದ ಫಾಸ್ಟ್‌ಬೂಟ್ ಯು-ಬೂಟ್‌ನಲ್ಲಿ ಯುಎಸ್‌ಬಿ ಅಲ್ಲದೆ ಯುಡಿಪಿಯಲ್ಲೂ ನಡೆಯುತ್ತದೆ, ಒಂದು ಆಯ್ಕೆಯನ್ನು ಸೇರಿಸಿ ಕಟ್ಟಿದರೆ ಅದರ ಮೂಲಕ ಯಾವುದೇ ಯು-ಬೂಟ್ ಕಮಾಂಡ್ ನಡೆಸಬಹುದು. ರಾಸ್ಪ್‌ಬೆರಿ ಪೈ 4ರ ಬೂಟ್‌ಲೋಡರಿನಲ್ಲಿ ನೆಟ್‌ಕನ್ಸೋಲ್ ಹೆಸರಿನದೇ ಹೊಂದಿಕೆ ಇದೆಯಾದರೂ ಅದು ಸಂದೇಶಗಳನ್ನು ಹೊರಗೆ ಕಳಿಸುತ್ತದೆ ಅಷ್ಟೆ, ಕಮಾಂಡ್ ತೆಗೆದುಕೊಳ್ಳುವುದಿಲ್ಲ.

ಬರೆದಿಟ್ಟು ನಡೆಸುವ ಕಮಾಂಡು

ನೂರಾರು ಮೈಲಿ ದೂರದ ಗೋಪುರದ ಮೇಲೆ, ಮೊಬೈಲ್ ಮೋಡೆಮಿನ ಹಿಂದೆ ಇರುವ ಸಾಧನಕ್ಕೆ ಸೀರಿಯಲ್ ತಂತಿಯೂ ಇಲ್ಲ, ನೆಟ್‌ಕನ್ಸೋಲೂ ಇಲ್ಲ. ಆ ಮೋಡೆಮನ್ನು ನಡೆಸುವುದು ಬೂಟ್‌ಲೋಡರಿಗೆ ತಿಳಿದೇ ಇಲ್ಲ. ಇಂಥಲ್ಲಿ ಬೂಟ್‌ಲೋಡರ್ ಜೊತೆ ಮಾತಾಡುವುದನ್ನು ಬಿಟ್ಟು, ಅದು ಎದ್ದಾಗ ಓದಿಕೊಳ್ಳುವಂತೆ ಕಮಾಂಡನ್ನು ಬರೆದಿಡಬೇಕು. ಊರಿಗೆ ಹೊರಟವರು ಮನೆಯವರಿಗೆ ಚೀಟಿ ಬರೆದಿಟ್ಟು ಹೋದ ಹಾಗೆ. ಲಿನಕ್ಸ್ ಓಡುತ್ತಿರುವಾಗಲೇ ಯು-ಬೂಟ್‌ನ ವೇರಿಯಬಲುಗಳನ್ನು ಓದಿ ಬರೆಯಲು ಎಫ್‌ಡಬ್ಲ್ಯು_ಪ್ರಿಂಟ್‌ಎನ್ವ್, ಎಫ್‌ಡಬ್ಲ್ಯು_ಸೆಟ್‌ಎನ್ವ್ ಎಂಬ ಎರಡು ಉಪಕರಣಗಳಿವೆ. ಎಸ್‌ಎಸ್‌ಎಚ್‌ನಲ್ಲಿ ಒಳಹೊಕ್ಕು ಕಮಾಂಡ್ ಬರೆದು ರೀಬೂಟ್ ಮಾಡಿದರೆ ಯು-ಬೂಟ್ ಅದನ್ನು ನಡೆಸುತ್ತದೆ.

ಇದನ್ನು ಸುರಕ್ಷಿತವಾಗಿ ಮಾಡುವ ಕ್ರಮ ಹೀಗಿದೆ. ಬೂಟ್‌ಸಿಎಂಡಿಯ ಆರಂಭದಲ್ಲಿ ಒಂದು ಪರೀಕ್ಷೆ ಇಡಬೇಕು: ಒಮ್ಮೆ ಎಂಬ ಅರ್ಥದ ಒಂದು ವೇರಿಯಬಲಿನಲ್ಲಿ ಏನಾದರೂ ಇದೆಯೇ? ಇದ್ದರೆ ಅದನ್ನು ತಾತ್ಕಾಲಿಕ ವೇರಿಯಬಲಿಗೆ ನಕಲು ಮಾಡಿ, ಮೂಲವನ್ನು ಅಳಿಸಿ, ಸೇವ್‌ಎನ್ವ್ ಕೊಟ್ಟು, ಅದಾದ ಮೇಲೆ ನಕಲನ್ನು ನಡೆಸಬೇಕು. ಅಳಿಸುವುದು ಮೊದಲು, ನಡೆಸುವುದು ಆಮೇಲೆ. ಈ ಅನುಕ್ರಮ ತಿರುಗುಮುರುಗಾದರೆ ಕಮಾಂಡ್ ನಡುವೆ ಬೋರ್ಡ್ ಸಿಕ್ಕಿಕೊಂಡಾಗ ಪ್ರತಿ ರೀಬೂಟಿನಲ್ಲೂ ಅದೇ ಕಮಾಂಡ್ ಮರುಕಳಿಸಿ, ಸಾಧನ ಎಂದೂ ಮೇಲೇಳುವುದಿಲ್ಲ. ಕಮಾಂಡಿನ ಫಲ ತಿಳಿಯಬೇಕಾದರೆ, ಯಶಸ್ಸೋ ವೈಫಲ್ಯವೋ ಎಂಬುದನ್ನು ಇನ್ನೊಂದು ವೇರಿಯಬಲಿನಲ್ಲಿ ಬರೆದು ಉಳಿಸಬೇಕು; ಲಿನಕ್ಸ್ ಎದ್ದ ಮೇಲೆ ಎಫ್‌ಡಬ್ಲ್ಯು_ಪ್ರಿಂಟ್‌ಎನ್ವ್‌ನಲ್ಲಿ ಓದಿಕೊಳ್ಳಬಹುದು.

ಈ ಉಪಕರಣಗಳಿಗೆ ಎನ್ವಿರಾನ್‌ಮೆಂಟ್ ಫ್ಲ್ಯಾಶಿನಲ್ಲಿ ಎಲ್ಲಿದೆ, ಎಷ್ಟು ದೊಡ್ಡದು ಎಂಬುದನ್ನು ಒಂದು ಸಂರಚನಾ ಫೈಲಿನಲ್ಲಿ ಕೈಯಾರೆ ಹೇಳಬೇಕು. ಅದು ತಪ್ಪಿದ್ದರೆ, ಸಿಆರ್‌ಸಿ ಸರಿಯಿಲ್ಲ, ಮೂಲ ಹೊಂದಿಕೆ ಬಳಸುತ್ತಿದ್ದೇನೆ ಎಂಬ ಎಚ್ಚರಿಕೆ ಬರುತ್ತದೆ. ಆ ಎಚ್ಚರಿಕೆ ಕಂಡ ಮೇಲೂ ಬರೆಯಲು ಹೋಗುವುದು ಸರ್ವನಾಶದ ದಾರಿ. ಬರೆದದ್ದು ಫ್ಲ್ಯಾಶಿನ ಬೇರಾವುದೋ ಭಾಗವನ್ನು ತುಳಿಯುತ್ತದೆ. ಬರೆಯುವ ಹೊತ್ತಿಗೆ ಕರೆಂಟ್ ಹೋದರೆ ಪಟ್ಟಿಯೇ ಹಾಳಾಗುವುದರಿಂದ ಎರಡು ಪ್ರತಿಗಳನ್ನು ಇಟ್ಟುಕೊಳ್ಳುವ ಆಯ್ಕೆಯೂ ಇದೆ. ಪದೇ ಪದೇ ಕರೆಂಟ್ ಹೋಗುವ ನಮ್ಮೂರಿನಂಥ ಊರುಗಳಿಗೆ ಕಳಿಸುವ ಸಾಧನದಲ್ಲಿ ಎರಡನೇ ಪ್ರತಿ ಇಲ್ಲದಿರುವುದು ಅಕ್ಷಮ್ಯ.

ದೂರದ ಸಾಧನದ ಫರ್ಮ್‌ವೇರ್ ಬದಲಿಸುವಾಗ ಈ ವಿಧಾನದ ನಿಜವಾದ ಬಲ ಗೊತ್ತಾಗುತ್ತದೆ. ಫ್ಲ್ಯಾಶಿನಲ್ಲಿ ಎರಡು ವಿಭಾಗ. ಒಂದರಲ್ಲಿ ಓಡುತ್ತಿರುವ ಹಳೆಯದು, ಇನ್ನೊಂದಕ್ಕೆ ಹೊಸದು. ಯು-ಬೂಟ್ ಪ್ರತಿ ಬೂಟಿಗೂ ಬೂಟ್‌ಕೌಂಟ್ ಎಂಬ ಎಣಿಕೆ ಏರಿಸುತ್ತದೆ. ಹೊಸ ವ್ಯವಸ್ಥೆ ಎದ್ದು ತನ್ನ ಆರೋಗ್ಯ ಸರಿಯಿದೆ ಎಂದು ಕಂಡುಕೊಂಡ ಮೇಲೆ ಎಣಿಕೆಯನ್ನು ಸೊನ್ನೆ ಮಾಡಬೇಕು. ಮಾಡದೆ ಎಣಿಕೆ ಬೂಟ್‌ಲಿಮಿಟ್ ದಾಟಿದರೆ ಯು-ಬೂಟ್ ತಾನಾಗಿ ಬೂಟ್‌ಸಿಎಂಡಿ ಬಿಟ್ಟು ಆಲ್ಟ್‌ಬೂಟ್‌ಸಿಎಂಡಿ ನಡೆಸಿ ಹಳೆಯ ವಿಭಾಗಕ್ಕೆ ಮರಳುತ್ತದೆ. ಕರ್ನಲ್ ಅರ್ಧದಲ್ಲಿ ಹೆಪ್ಪುಗಟ್ಟಿದರೆ ಅದನ್ನು ರೀಬೂಟ್ ಮಾಡಿಸಲು ವಾಚ್‌ಡಾಗ್ ಗಡಿಯಾರ ಬೇಕು. ಅದಿಲ್ಲದೆ ಈ ಎಣಿಕೆ ಮುಂದೆ ಸಾಗುವುದೇ ಇಲ್ಲ. ಎಸ್‌ಡಬ್ಲ್ಯುಅಪ್‌ಡೇಟ್, ಮೆಂಡರ್, ಆರ್‌ಎಯುಸಿ ಎಂಬ ನವೀಕರಣ ತಂತ್ರಾಂಶಗಳು ಬೂಟ್‌ಲೋಡರಿನ ಜೊತೆ ಇದೇ ಬಗೆಯ ಒಪ್ಪಂದದಲ್ಲಿ ಕೆಲಸ ಮಾಡುತ್ತವೆ.

ಈ ಮುಂದಾಲೋಚನೆ ಎಷ್ಟು ದೂರದವರೆಗೆ ಕಾಯಬಲ್ಲದು ಎಂಬುದಕ್ಕೆ ಮಂಗಳ ಗ್ರಹದ ಉದಾಹರಣೆಯಿದೆ. 2004ರ ಜನವರಿ 21ರಂದು ನಾಸಾದ ಸ್ಪಿರಿಟ್ ರೋವರ್ ಇದ್ದಕ್ಕಿದ್ದಂತೆ ಮೌನವಾಯಿತು. ಫ್ಲ್ಯಾಶ್ ಮೆಮೊರಿಯ ಫೈಲ್ ವ್ಯವಸ್ಥೆಯಲ್ಲಿ ಫೈಲುಗಳು ತುಂಬಿ, ಅದನ್ನು ಹತ್ತಿಸಿಕೊಳ್ಳಲು ಹೋದಾಗಲೆಲ್ಲ ಕಂಪ್ಯೂಟರ್ ಬಿದ್ದು ಮತ್ತೆ ಬೂಟ್ ಆಗುತ್ತಿತ್ತು. ಹೀಗೆ ಅರವತ್ತಕ್ಕೂ ಹೆಚ್ಚು ಬಾರಿ ಆಯಿತು. ಆದರೆ ಫ್ಲ್ಯಾಶನ್ನು ಮುಟ್ಟದೆ ಕೇವಲ ರ‍್ಯಾಮ್ ಬಳಸಿ ಏಳು ಎಂಬ ಕಮಾಂಡನ್ನು ವಿನ್ಯಾಸಕಾರರು ಮೊದಲೇ ಒದಗಿಸಿದ್ದರು. ಭೂಮಿಯಿಂದ ಆ ಕಮಾಂಡ್ ಕಳಿಸಿದರು, ರೋವರ್ ಸ್ಥಿರವಾಗಿ ಎದ್ದಿತು, ಕಾರಣ ಪತ್ತೆಯಾಯಿತು, ಫ್ಲ್ಯಾಶ್ ಸ್ವಚ್ಛವಾಯಿತು. ಆಮೇಲೆ ಅದು 2010ರ ಮಾರ್ಚ್‌ವರೆಗೂ ಭೂಮಿಗೆ ಸಂಕೇತ ಕಳಿಸುತ್ತಿತ್ತು.

ಪ್ರಯೋಗಾಲಯಗಳಲ್ಲಿ

ಮನುಷ್ಯರಿಗಿಂತ ಹೆಚ್ಚಾಗಿ ಇಂದು ಬೂಟ್‌ಲೋಡರಿಗೆ ದೂರದಿಂದ ಕಮಾಂಡ್ ಕೊಡುತ್ತಿರುವುದು ಯಂತ್ರಗಳೇ. ಲಿನಾರೊ ಸಂಸ್ಥೆಯ ಲಾವಾ, ಪೆಂಗುಟ್ರಾನಿಕ್ಸ್‌ನ ಲ್ಯಾಬ್‌ಗ್ರಿಡ್ ಎಂಬ ವ್ಯವಸ್ಥೆಗಳು ಕಪಾಟಿನ ತುಂಬ ಜೋಡಿಸಿದ ಬೋರ್ಡುಗಳಿಗೆ ವಿದ್ಯುತ್ ಕೊಟ್ಟು, ಎಣಿಕೆಯನ್ನು ತಡೆದು, ಹೊಸ ಕರ್ನಲನ್ನು ಟಿಎಫ್‌ಟಿಪಿಯಲ್ಲಿ ತಂದು ಬೂಟ್ ಮಾಡಿ, ಫಲಿತಾಂಶ ದಾಖಲಿಸುತ್ತವೆ. ಕರ್ನಲ್‌ಸಿಐ ಯೋಜನೆ ಲಿನಕ್ಸ್ ಕರ್ನಲನ್ನು ಇಂಥ ಪ್ರಯೋಗಾಲಯಗಳಲ್ಲೇ ಪರೀಕ್ಷಿಸುತ್ತದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಂದಿನಿಂದ ಚಿಪ್ ವಿನ್ಯಾಸದ ದೊಡ್ಡ ಕೇಂದ್ರವಾಗಿ ಬೆಳೆದ ಬೆಂಗಳೂರಿನ ಎಂಜಿನಿಯರುಗಳಿಗೆ, ಬೋರ್ಡ್ ಒಂದು ಕಡೆ ತಾವೊಂದು ಕಡೆ ಇದ್ದು ಕೆಲಸ ಮಾಡುವುದು ದಿನಚರಿ. 2020ರ ಲಾಕ್‌ಡೌನ್ ಅದನ್ನು ಅನಿವಾರ್ಯವನ್ನಾಗಿ ಮಾಡಿತು.

ಸ್ಕ್ರಿಪ್ಟ್ ಬರೆಯುವವರು ಎಡವುವುದು ಅವಸರದಲ್ಲಿ. ಪ್ರಾಂಪ್ಟ್ ಮರಳಿ ಬಂದದ್ದನ್ನು ಕಾಣದೆ ಮುಂದಿನ ಕಮಾಂಡ್ ಕಳಿಸಬಾರದು. ಫ್ಲ್ಯಾಶ್ ಬರೆಯುತ್ತಿರುವ ಯು-ಬೂಟ್ ಸೀರಿಯಲ್ ಪೋರ್ಟನ್ನು ಓದುತ್ತಿರುವುದಿಲ್ಲ, ಚಿಪ್ಪಿನ ಚಿಕ್ಕ ಬಫರ್ ತುಂಬಿದ ಮೇಲೆ ಬಂದ ಅಕ್ಷರಗಳು ಕಳೆದುಹೋಗುತ್ತವೆ. ಕಾಲ ಊಹಿಸಿ ಕಾಯುವ ಸ್ಕ್ರಿಪ್ಟ್ ಒಂದು ದಿನ ಕೈಕೊಟ್ಟೇ ಕೊಡುತ್ತದೆ.

ಭದ್ರತೆ

ಬೂಟ್‌ಲೋಡರ್ ಪ್ರಾಂಪ್ಟಿಗೆ ಮೇಲಿನ ಅಧಿಕಾರ ಸಾಧನದಲ್ಲಿ ಬೇರೆ ಇಲ್ಲ. ಕರ್ನಲಿಗೆ ಕೊಡುವ ಬೂಟ್‌ಆರ್ಗ್ಸ್‌ನಲ್ಲಿ ಮೊದಲ ಪ್ರೋಗ್ರಾಮ್ ಶೆಲ್ ಆಗಿರಲಿ ಎಂದು ಒಂದು ಪದ ಸೇರಿಸಿದರೆ ಪಾಸ್‌ವರ್ಡ್ ಕೇಳದೆ ರೂಟ್ ಅಧಿಕಾರ ಸಿಗುತ್ತದೆ. ಕರ್ನಲಿನ ಸಹಿಯನ್ನು ಪರೀಕ್ಷಿಸಿಯೇ ಹತ್ತಿಸುವ ವೆರಿಫೈಡ್ ಬೂಟ್ ವ್ಯವಸ್ಥೆ ಯು-ಬೂಟ್‌ನಲ್ಲಿ 2013ರಿಂದ ಇದೆ. ಆದರೆ ಮೆಮೊರಿಗೆ ನೇರವಾಗಿ ಬರೆಯುವ ಎಂಡಬ್ಲ್ಯು ಕಮಾಂಡ್ ಪ್ರಾಂಪ್ಟಿನಲ್ಲಿ ತೆರೆದಿದ್ದರೆ ಆ ಪರೀಕ್ಷೆಯನ್ನೇ ಬದಿಗೊತ್ತಬಹುದು. ನೆಟ್‌ವರ್ಕ್ ಕಡೆಯ ಕೋಡ್ ಕೂಡ ದೋಷಮುಕ್ತವಲ್ಲ. 2019ರಲ್ಲಿ ಸೆಮಲ್ ಸಂಸ್ಥೆಯ ಸಂಶೋಧಕರು ಯು-ಬೂಟ್‌ನಲ್ಲಿ, ಮುಖ್ಯವಾಗಿ ನೆಟ್‌ವರ್ಕಿನಿಂದ ಫೈಲು ತರುವ ಅದರ ಎನ್‌ಎಫ್‌ಎಸ್ ಭಾಗದಲ್ಲಿ, 13 ದೋಷಗಳನ್ನು ಬಯಲಿಗೆ ತಂದರು. ಸರ್ವರಿನಿಂದ ಬಂದ, ಉದ್ದ ಸೂಚಿಸುವ ಅಂಕಿಯನ್ನು ಪರೀಕ್ಷಿಸದೆ ನಂಬಿ ನಕಲು ಮಾಡುತ್ತಿದ್ದುದು ಕಾರಣ. ಅದೇ ನೆಟ್‌ವರ್ಕಿನಲ್ಲಿರುವ ದಾಳಿಕೋರರು ಇದರಿಂದ ಸಾಧನವನ್ನೇ ವಶಪಡಿಸಿಕೊಳ್ಳಬಹುದಿತ್ತು.

ರಕ್ಷಣೆಯ ಕ್ರಮಗಳು ಲಭ್ಯವಿವೆ. ಬೂಟ್‌ಡಿಲೇಗೆ -2 ಕೊಟ್ಟರೆ ಎಣಿಕೆಯನ್ನು ತಡೆಯುವ ಅವಕಾಶವೇ ಇರುವುದಿಲ್ಲ. ಗುಪ್ತಪದದ ಎಸ್‌ಎಚ್‌ಎ-256 ಹ್ಯಾಶ್ ಹೊಂದಿದರೆ ಮಾತ್ರ ಪ್ರಾಂಪ್ಟ್ ಕೊಡುವಂತೆಯೂ ಕಟ್ಟಬಹುದು. ಪ್ರಯೋಗಾಲಯದ ಬೋರ್ಡುಗಳನ್ನು ಬೇರೆ ನೆಟ್‌ವರ್ಕಿನಲ್ಲಿಟ್ಟು, ಎಸ್‌ಎಸ್‌ಎಚ್ ಇರುವ ಒಂದೇ ಕಂಪ್ಯೂಟರಿನ ಮೂಲಕ ಮಾತ್ರ ಅಲ್ಲಿಗೆ ಹೋಗುವಂತೆ ಮಾಡಬೇಕು. ಟಿಎಫ್‌ಟಿಪಿ, ನೆಟ್‌ಕನ್ಸೋಲ್‌ಗಳನ್ನು ಸಾರ್ವಜನಿಕ ಇಂಟರ್ನೆಟ್ಟಿಗೆ ತೆರೆದಿಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಗ್ರಾಹಕರ ಕೈಗೆ ಹೋಗುವ ಫರ್ಮ್‌ವೇರಿನಿಂದ ನೆಟ್‌ಕನ್ಸೋಲನ್ನೂ ಫಾಸ್ಟ್‌ಬೂಟಿನ ಕಮಾಂಡ್ ನಡೆಸುವ ಆಯ್ಕೆಯನ್ನೂ ತೆಗೆದುಹಾಕಿ, ಎರಡು ವಿಭಾಗ, ಬೂಟ್‌ಕೌಂಟ್, ವಾಚ್‌ಡಾಗ್ ಮೂರನ್ನೂ ಉಳಿಸಿಕೊಂಡ ಸಾಧನವೇ ಕಳಿಸಲು ಯೋಗ್ಯ. ಬೋರ್ಡಿನ ಮೇಲೆ ಸೀರಿಯಲ್ ಪಿನ್ನುಗಳ ಮೂರು ತೂತುಗಳನ್ನು ಮಾತ್ರ ಬಿಟ್ಟಿರಿ; ದುರಸ್ತಿ ಮಾಡುವವರಿಗೆ ಅವು ಬೇಕಾಗುತ್ತವೆ.